ಒತ್ತಕ್ಷರ ಕೂರುವಷ್ಟು ಜಾಗ

ಕನ್ನಡದ ಅಂಕಿಗಳಲ್ಲಿ ೬ ಮತ್ತು ೯ ಅವಳಿಗಳಿದ್ದ ಹಾಗೆ. ಕೊನೆಯ ಬಾಲ ತಿರುಗುವ ಬಗೆಯಲ್ಲಷ್ಟೇ ವ್ಯತ್ಯಾಸ. ಶಾಲೆಯ ಕರಿಹಲಗೆಯ ಮೇಲೆ ಇದರಿಂದ ಯಾರಿಗೂ ತೊಂದರೆಯಾಗುವುದಿಲ್ಲ. ಆದರೆ ನೂರು ವರ್ಷದ ಹಿಂದೆ ಮೊಳೆ ಜೋಡಿಸಿ ಅಚ್ಚು ಹಾಕಿದ, ಆಮೇಲೆ ಯಾರೋ ಸ್ಕ್ಯಾನ್ ಮಾಡಿದ, ಕೊನೆಗೆ ನನ್ನ ಲ್ಯಾಪ್‌ಟಾಪಿನೊಳಗೆ ಬಂದು ಕೂತ ಒಂದು ಪುಟದಲ್ಲಿ ಆ ಬಾಲ ಎರಡೇ ಎರಡು ಚುಕ್ಕೆಗಳಷ್ಟು ಉಳಿದಿರುತ್ತದೆ. ಆ ಎರಡು ಚುಕ್ಕೆ ಎಡಕ್ಕಿವೆಯೋ ಬಲಕ್ಕಿವೆಯೋ ಎಂಬುದರ ಮೇಲೆ ಒಂದು ಸಂಚಿಕೆ 1906ರದೋ 1909ರದೋ ಎಂದು ತೀರ್ಮಾನವಾಗಬೇಕು.

ನನ್ನ ಪಿಎಚ್‌ಡಿ ಕೆಲಸ ಧಾರವಾಡ ಸೀಮೆಯ ಹಳೆಯ ನಿಯತಕಾಲಿಕಗಳ ಭಾಷೆಯ ಮೇಲೆ. ಕರ್ನಾಟಕ ವಿದ್ಯಾವರ್ಧಕ ಸಂಘ 1896ರಲ್ಲಿ ಶುರುಮಾಡಿದ ‘ವಾಗ್ಭೂಷಣ’ದಿಂದ ಹಿಡಿದು ಆಲೂರು ವೆಂಕಟರಾಯರು 1922ರಲ್ಲಿ ತಂದ ‘ಜಯಕರ್ನಾಟಕ’ದವರೆಗಿನ ಕಾಲ, ಮತ್ತು ಆ ನಡುವೆ ಬಂದು ಹೋದ ಸಣ್ಣಪುಟ್ಟ ಪತ್ರಿಕೆಗಳು. ಸಾಮಗ್ರಿ ಕೂಡಿಹಾಕುವುದು ಮುಗಿದಿತ್ತು. ಬರೆಯುವುದು ಮಾತ್ರ ಉಳಿದಿತ್ತು. ಅದಕ್ಕೆ ಧಾರವಾಡದಲ್ಲಿ ಬಾಡಿಗೆ ಕಟ್ಟುತ್ತ ಕೂರಬೇಕಿಲ್ಲ ಎಂದು ರಾಜೂರಿಗೆ ಬಂದೆ. ಇಲ್ಲಿ ಜೋಳದ ರೊಟ್ಟಿ ಬಿಸಿಯಾಗಿ ಸಿಗುತ್ತದೆ, ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುವುದನ್ನು ನೋಡಿಕೊಂಡು ಕೂತರೂ ಯಾರೂ ಏನೂ ಕೇಳುವುದಿಲ್ಲ. ಬರೆಯಲು ಇಷ್ಟು ಸಾಕು ಅಂದುಕೊಂಡಿದ್ದೆ. ಮೂರನೆಯ ತಿಂಗಳಿಗೆ ತಲೆನೋವು ಶುರುವಾಯಿತು. ಮಧ್ಯಾಹ್ನ ಮೂರಾಗುತ್ತಲೂ ಹುಬ್ಬಿನ ಮೇಲೆ ಹಿಡಿದುಕೊಳ್ಳುತ್ತಿತ್ತು, ರಾತ್ರಿ ಉಂಡು ಮಲಗುವವರೆಗೂ ಬಿಡುತ್ತಿರಲಿಲ್ಲ. ಪಿಎಚ್‌ಡಿಗೆ ನಿಯಮದ ಪ್ರಕಾರ ಗರಿಷ್ಠ ಆರು ವರ್ಷ. ನನ್ನದು ಐದನೆಯದು ನಡೆದಿತ್ತು. ದಿನಕ್ಕೆ ಮೂರು ತಾಸು ಓದಿ ಉಳಿದದ್ದನ್ನು ನಾಳೆಗೆ ಇಟ್ಟುಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಗದಗಿನ ಕಣ್ಣಿನ ವೈದ್ಯರು ತಪಾಸಿಸಿ, ದೃಷ್ಟಿಯಲ್ಲಿ ಸಣ್ಣ ಓರೆ ಇದೆ ಎಂದು ಒಂದು ಚಷ್ಮಾ ಬರೆದುಕೊಟ್ಟರು. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ಏನನ್ನಾದರೂ ಇಪ್ಪತ್ತು ಸೆಕೆಂಡು ನೋಡು ಅಂದರು. ನೀಲಿ ಬೆಳಕು ತಡೆಯುವ ಗಾಜು ಹಾಕಿಸಲೇ ಎಂದು ಕೇಳಿದೆ. ದುಡ್ಡು ದಂಡ, ಪರದೆಯ ನೀಲಿ ಬೆಳಕು ಕಣ್ಣು ಕೆಡಿಸುತ್ತದೆ ಎನ್ನುವುದಕ್ಕೆ ಆಧಾರ ಇಲ್ಲ, ರೆಪ್ಪೆ ಬಡಿಯುವುದನ್ನು ಮರೆತು ದಿಟ್ಟಿಸುವುದರಿಂದ ಕಣ್ಣು ಒಣಗುತ್ತದೆ ಅಷ್ಟೆ ಅಂದರು. ಆಮೇಲೆ, ‘ಯಾವ ಪರದೆ ಮೇಲೆ ಓದ್ತೀರಿ? ಎಷ್ಟು ದೂರ ಕೂಡ್ತೀರಿ?’ ಎಂದು ಕೇಳಿದರು. ಯಾರೂ ಅದುವರೆಗೆ ನನ್ನನ್ನು ಕೇಳದ ಪ್ರಶ್ನೆ.

ಮನೆಗೆ ಬಂದು ಅಪ್ಪನ ಟೇಪಿನಿಂದ ಅಳೆದೆ. ಹದಿನೈದೂವರೆ ಇಂಚಿನ ಲ್ಯಾಪ್‌ಟಾಪ್. ನನ್ನ ಮುಖಕ್ಕೂ ಅದಕ್ಕೂ 45 ಸೆಂಟಿಮೀಟರ್. ಸ್ಕ್ಯಾನ್ ಓದುವಾಗ 35ಕ್ಕೆ ಇಳಿಯುತ್ತಿತ್ತು. ಪರದೆಯಲ್ಲಿ ಅಡ್ಡಕ್ಕೆ 1366 ಚುಕ್ಕೆ, ಉದ್ದಕ್ಕೆ 768. ಒಂದೊಂದು ಚುಕ್ಕೆ ಸುಮಾರು ಕಾಲು ಮಿಲಿಮೀಟರ್. ಕಾಲು ಮಿಲಿಮೀಟರ್ ಅಂದರೆ ಕಣ್ಣಿಗೆ ಕಾಣುವುದೇ ಎಂಬ ಪ್ರಶ್ನೆಗೆ ಉತ್ತರ ಅದೇ ಆಸ್ಪತ್ರೆಯ ಗೋಡೆಯ ಮೇಲಿತ್ತು. ಡಚ್ ವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದ ಅಕ್ಷರದ ತಖ್ತೆ ಇಂದಿಗೂ ಅದೇ ಲೆಕ್ಕದಲ್ಲಿ ನಡೆಯುತ್ತದೆ. ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಬರುವ ಒಂದು ಪಾಲು, ಅಂದರೆ ಒಂದು ಮಿನಿಟು. ಅಷ್ಟು ಕೋನದ ಗೆರೆಯನ್ನು ಬಿಡಿಸಿ ನೋಡಬಲ್ಲ ಕಣ್ಣಿಗೆ 6/6 ಎನ್ನುತ್ತಾರೆ. ಇದನ್ನು ಪರದೆಗೆ ತಂದರೆ ಒಂದು ಸರಳ ಗುಣಾಕಾರ ಸಿಗುತ್ತದೆ. ಚುಕ್ಕೆಯ ಅಳತೆಯನ್ನು ಸುಮಾರು 3400ರಿಂದ ಗುಣಿಸಿದರೆ, ಎಷ್ಟು ದೂರ ಹೋದಾಗ ಚುಕ್ಕೆಗಳು ಒಂದರೊಳಗೊಂದು ಕರಗಿ ಗೆರೆ ನುಣ್ಣಗಾಗುತ್ತದೆ ಎಂಬುದು ತಿಳಿಯುತ್ತದೆ. ನನ್ನ ಲ್ಯಾಪ್‌ಟಾಪಿಗೆ ಅದು 86 ಸೆಂಟಿಮೀಟರ್. ಅಷ್ಟು ದೂರ ಕೂತರೆ ಅಕ್ಷರ ನುಣ್ಣಗೆ ಕಾಣುತ್ತದೆ, ಆದರೆ ಓದಲಾಗದಷ್ಟು ಚಿಕ್ಕದಾಗುತ್ತದೆ. ಹತ್ತಿರ ಕೂತರೆ ಅಕ್ಷರ ದೊಡ್ಡದು, ಆದರೆ ಅಂಚು ಮೆಟ್ಟಿಲು ಮೆಟ್ಟಿಲು. ಆ ಮೆಟ್ಟಿಲುಗಳನ್ನು ನನ್ನ ಕಣ್ಣು ಐದು ವರ್ಷದಿಂದ ಹತ್ತಿ ಇಳಿಯುತ್ತಿತ್ತು.

(ಆ ತಖ್ತೆಯಲ್ಲಿದ್ದದ್ದು ಕನ್ನಡ ಅಕ್ಷರಗಳೇ. ಆದರೆ ಒಂದೂ ಒತ್ತಕ್ಷರ ಇರಲಿಲ್ಲ. ಒತ್ತಕ್ಷರ ಇಟ್ಟಿದ್ದರೆ ನಮ್ಮ ಭಾಗದ ಅರ್ಧ ಜನಕ್ಕೆ ಚಷ್ಮಾ ಬರುತ್ತಿತ್ತು.)

ಕನ್ನಡ ಓದುವವರಿಗೆ ಮಾನಿಟರ್ ಆರಿಸುವ ಕಷ್ಟ ಶುರುವಾಗುವುದೇ ಇಲ್ಲಿಂದ. ಅಂತರ್ಜಾಲದಲ್ಲಿ ಸಿಗುವ ಸಲಹೆಗಳೆಲ್ಲ ಇಂಗ್ಲಿಷ್ ಅಕ್ಷರವನ್ನು ಮನಸ್ಸಿನಲ್ಲಿಟ್ಟುಕೊಂಡವು. ಇಂಗ್ಲಿಷಿನ ಅಕ್ಷರ ಒಂದೇ ಅಂತಸ್ತಿನ ಮನೆ. ಮೇಲೊಂದು ಕಡ್ಡಿ, ಕೆಳಗೊಂದು ಬಾಲ ಬಂದರೆ ಬಂತು. ಕನ್ನಡದ್ದು ಹಾಗಲ್ಲ. ಮೇಲೆ ತಲೆಕಟ್ಟು, ಅದರ ಮೇಲೆ ಗುಡಿಸು, ನಡುವೆ ಅಕ್ಷರದ ಮೈ, ಕೆಳಗೆ ಒತ್ತು, ಒಮ್ಮೊಮ್ಮೆ ಒತ್ತಿನ ಕೆಳಗೆ ಇನ್ನೊಂದು ಒತ್ತು. ‘ಸ್ತ್ರೀ’ ಎಂದು ಬರೆದು ನೋಡಿ. ಸಾಮಾನ್ಯವಾಗಿ ನಾವು ಓದುವ ಅಕ್ಷರದ ಅಳತೆಗೆ ಪರದೆ ಕೊಡುವುದು ಹದಿನಾರು ಚುಕ್ಕೆಯ ಎತ್ತರ. ಅಷ್ಟರಲ್ಲೇ ಈ ಅಂತಸ್ತುಗಳೆಲ್ಲ ನೆಲೆಸಬೇಕು. ಒತ್ತಿಗೆ ಉಳಿಯುವುದು ನಾಲ್ಕೈದು ಚುಕ್ಕೆ. ನಾಲ್ಕೈದು ಚುಕ್ಕೆಯಲ್ಲಿ ತ ಒತ್ತು, ನ ಒತ್ತು, ಸ ಒತ್ತು ಎಲ್ಲವೂ ಒಂದೇ ಇರುವೆ.

ಇನ್ನೊಂದು ಅಲ್ಪಪ್ರಾಣ ಮಹಾಪ್ರಾಣದ ಗೋಳು. ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ, ಇವುಗಳ ನಡುವೆ ಇರುವುದು ಕೆಳಗಿನ ಒಂದು ಸೀಳು. ಚಿಕ್ಕ ಅಳತೆಯಲ್ಲಿ ಆ ಸೀಳು ಒಂದು ಚುಕ್ಕೆ. ದನ ಮತ್ತು ಧನದ ನಡುವೆ ಒಂದೇ ಒಂದು ಚುಕ್ಕೆ. ನಮ್ಮೂರಲ್ಲಿ ಎರಡೂ ಒಂದೇ ಅರ್ಥ ಎನ್ನುವುದು ಬೇರೆ ಮಾತು, ಆದರೆ ಪ್ರಬಂಧದಲ್ಲಿ ಹಾಗೆ ಬರೆಯಲು ಬರುವುದಿಲ್ಲ. ನನ್ನ ಒಂದು ಇಡೀ ಅಧ್ಯಾಯವೇ ಇದರ ಮೇಲಿದೆ. ಉತ್ತರ ಕರ್ನಾಟಕದ ಲೇಖಕರು ತಾವು ಆಡುವಂತೆಯೇ ಬರೆದರೇ, ಎಲ್ಲಿ ಮಹಾಪ್ರಾಣ ಉಳಿಸಿದರು, ಎಲ್ಲಿ ಬಿಟ್ಟರು ಎಂದು. ಕಾಣದ ಸೀಳಿನ ಮೇಲೆ ವಾದ ಕಟ್ಟಲಾಗುವುದಿಲ್ಲ.

ಹಾಗಾದರೆ ವಿಂಡೋಸ್‌ನವರು ಅಕ್ಷರ ನುಣ್ಣಗೆ ಮಾಡಲು ಏನೂ ಮಾಡಿಲ್ಲವೇ? ಮಾಡಿದ್ದಾರೆ. ಕ್ಲಿಯರ್‌ಟೈಪ್ ಎಂಬ ಉಪಾಯ ಎಕ್ಸ್‌ಪಿಯ ಕಾಲದಿಂದ ಇದೆ. ಪರದೆಯ ಪ್ರತಿ ಚುಕ್ಕೆಯೊಳಗೆ ಕೆಂಪು, ಹಸಿರು, ನೀಲಿ ಎಂದು ಮೂರು ಪಟ್ಟಿಗಳು ಅಕ್ಕಪಕ್ಕ ನಿಂತಿರುತ್ತವೆ. ಅವನ್ನು ಬಿಡಿಬಿಡಿಯಾಗಿ ಬೆಳಗಿಸಿದರೆ ಅಡ್ಡಕ್ಕೆ ಚುಕ್ಕೆಗಳು ಮೂರು ಪಟ್ಟಾದಂತೆ ಕಾಣುತ್ತದೆ. ಜಾಣ ಉಪಾಯವೇ. ಆದರೆ ಪಟ್ಟಿಗಳು ನಿಂತಿರುವುದು ಅಕ್ಕಪಕ್ಕ, ಮೇಲೆ ಕೆಳಗಲ್ಲ. ಲಾಭವೆಲ್ಲ ಅಡ್ಡಕ್ಕೆ. ಕನ್ನಡದ ಇಕ್ಕಟ್ಟು ಇರುವುದು ಉದ್ದಕ್ಕೆ. ಈ ಒಂದು ವಿಷಯ ಗೊತ್ತಾದ ದಿನ ನನಗೆ ಖುಷಿಯಾಯಿತು, ಯಾಕೆಂದರೆ ನನ್ನ ತಲೆನೋವಿಗೆ ಒಂದು ವ್ಯಾಕರಣ ಸಿಕ್ಕಿತ್ತು.

ರೆಸಲ್ಯೂಷನ್ ಇಳಿಸಿದರೆ ಅಕ್ಷರ ದೊಡ್ಡದಾಗುತ್ತದಲ್ಲ ಎಂದು ಊರ ಕಡೆ ಸಲಹೆ ಕೊಡುವವರು ಬಹಳ. ಡಿಟಿಪಿ ಅಂಗಡಿಗಳಲ್ಲಿ ಎಷ್ಟೋ ಪರದೆಗಳು ಹಾಗೇ ನಡೆಯುತ್ತಿವೆ. ಹಿಂದಿನ ಡಬ್ಬದಂಥ ಮಾನಿಟರುಗಳಲ್ಲಿ ಅದು ಒಪ್ಪುತ್ತಿತ್ತು. ಅವುಗಳಿಗೆ ಇಂತಿಷ್ಟೇ ಚುಕ್ಕೆ ಎಂಬ ಕಟ್ಟು ಇರಲಿಲ್ಲ. ಈಗಿನ ಎಲ್‌ಸಿಡಿ ಪರದೆಯಲ್ಲಿ ಚುಕ್ಕೆಗಳು ಮಗ್ಗದ ಹಾಸು ಹೊಕ್ಕಿನ ಹಾಗೆ ಎಣಿಸಿ ಇಟ್ಟವು. ಎಣಿಕೆ ಬದಲಿಸಿದರೆ ಒಂದು ಚುಕ್ಕೆಯನ್ನು ಒಂದೂಕಾಲು ಚುಕ್ಕೆಗೆ ಹಂಚಬೇಕಾಗುತ್ತದೆ, ಅಕ್ಷರ ನೀರಲ್ಲಿ ನೆನೆದ ಹಾಗಾಗುತ್ತದೆ. ಪರದೆಯ ಮೂಲ ರೆಸಲ್ಯೂಷನ್ ಎಷ್ಟಿದೆಯೋ ಅಷ್ಟೇ ಇಟ್ಟು, ದೊಡ್ಡದು ಬೇಕಾದರೆ ಸ್ಕೇಲಿಂಗ್ ಎಂಬಲ್ಲಿ 125 ಅಥವಾ 150 ಎಂದು ಏರಿಸುವುದೇ ಸರಿ. ಇಷ್ಟನ್ನು ಓದಿದವರು ಇವತ್ತೇ ಮಾಡಿ ನೋಡಬಹುದು, ಖರ್ಚಿಲ್ಲ.

ನನ್ನ ಹತ್ತಿರ ಇದ್ದದ್ದು ಇಪ್ಪತ್ತು ಸಾವಿರ. ಒಂದು ವರ್ಷ ಅತಿಥಿ ಉಪನ್ಯಾಸಕಿಯಾಗಿ ದುಡಿದಾಗ ಉಳಿಸಿದ್ದು, ಪ್ರಬಂಧದ ಬೈಂಡಿಂಗಿಗೆ, ಅಚ್ಚಿಗೆ ಎಂದು ಎತ್ತಿಟ್ಟಿದ್ದು. ಪರದೆ ತರುತ್ತೇನೆ ಎಂದಾಗ ಅವ್ವ, ‘ಅಲ್ಲವಾ, ಮನ್ಯಾಗ ಟೀವಿ ಐತಲ್ಲ, ಇನ್ನೊಂದ್ಯಾಕ?’ ಅಂದಳು. ಆ ಟೀವಿಗೆ ಲ್ಯಾಪ್‌ಟಾಪ್ ಜೋಡಿಸಿ ನಾನು ಆಗಲೇ ನೋಡಿದ್ದೆ. ಮೂವತ್ತೆರಡು ಇಂಚಿನಲ್ಲಿ ಅದೇ 1366 ಚುಕ್ಕೆ. ಅರ್ಧ ಮಿಲಿಮೀಟರಿನ ಒಂದೊಂದು ಚುಕ್ಕೆ. ದೊಡ್ಡ ಪರದೆ ಬೇರೆ, ಚುಕ್ಕೆ ಹೆಚ್ಚಿರುವ ಪರದೆ ಬೇರೆ. ಇಂಚು ನೋಡಿ ಕೊಳ್ಳುವವರೆಲ್ಲ ಇಲ್ಲೇ ಮುಗ್ಗರಿಸುವುದು.

ಹುಬ್ಬಳ್ಳಿಗೆ ಹೋಗುವಾಗ ಒಂದು ಪೆನ್‌ಡ್ರೈವ್ ಒಯ್ದಿದ್ದೆ. ಅದರಲ್ಲಿ ಎರಡೇ ಕಡತ. ಒಂದು ಹಳೆಯ ಪತ್ರಿಕೆಯ ಸ್ಕ್ಯಾನ್ ಪುಟ. ಇನ್ನೊಂದು ನಾನೇ ಬೆರಳಚ್ಚು ಮಾಡಿದ ಪರೀಕ್ಷೆಯ ಪುಟ: ರಾಷ್ಟ್ರ, ಸ್ತ್ರೀ, ಕರ್ತೃತ್ವ, ಉಚ್ಛ್ವಾಸ, ತೀಕ್ಷ್ಣ, ದನ, ಧನ, ೬, ೯. ಅಂಗಡಿಯ ಹುಡುಗ ಪ್ರತಿ ಮಾನಿಟರಿನ ಮೇಲೂ ಹಿಮದ ಬೆಟ್ಟ ಮತ್ತು ಬಣ್ಣದ ಗಿಣಿಯ ವಿಡಿಯೊ ಓಡಿಸುತ್ತಿದ್ದ. ಗಿಣಿ ಎಲ್ಲದರಲ್ಲೂ ಚೆಂದ ಕಾಣುತ್ತಿತ್ತು. ನನ್ನ ಪುಟ ತೆರೆಯಲು ಹೇಳಿದೆ. ‘ಮೇಡಂ, ಗೇಮಿಂಗಿಗೆ ಬೇಕೇನ್ರಿ, ಆಫೀಸಿಗೇನ್ರಿ?’ ಅಂದ. ಉಚ್ಛ್ವಾಸಕ್ಕೆ ಎಂದು ಹೇಳಲಾಗದೆ ಓದುವುದಕ್ಕೆ ಅಂದೆ. ಪಾಪ, ಸಹನೆಯಿಂದ ಆರು ಪರದೆಗಳ ಮೇಲೆ ಅದೇ ಪುಟ ತೆರೆದು ತೋರಿಸಿದ. ಮೂರನೆಯದಕ್ಕೆ ಬರುವಷ್ಟರಲ್ಲಿ ಅವನೇ, ‘ಇದ್ರಾಗ ಕ್ಷ್ಣ ಕೂಡ್ಕೊಂಡೈತಿ ನೋಡ್ರಿ’ ಎನ್ನತೊಡಗಿದ್ದ.

ಇಪ್ಪತ್ತೇಳು ಇಂಚಿನ ಫುಲ್ ಎಚ್‌ಡಿ ಕಣ್ಣಿಗೆ ದೊಡ್ಡದು, ಬೆಲೆಯೂ ಕೈಗೆಟುಕುವಂಥದ್ದು. ಆದರೆ ಅದರ ಚುಕ್ಕೆ ನನ್ನ ಲ್ಯಾಪ್‌ಟಾಪಿನದಕ್ಕಿಂತ ದಪ್ಪ. ಗುಣಿಸಿದರೆ ಒಂದು ಮೀಟರಿಗೂ ಹೆಚ್ಚು ದೂರ ಕೂರಬೇಕು. ಇಪ್ಪತ್ನಾಲ್ಕರ ಫುಲ್ ಎಚ್‌ಡಿಗೆ 94 ಸೆಂಟಿಮೀಟರ್. ಎಲ್ಲರೂ ಕೊಳ್ಳುವುದು ಇದನ್ನೇ. ಲೆಕ್ಕಪತ್ರಕ್ಕೆ, ಇಂಗ್ಲಿಷಿಗೆ, ಸಿನಿಮಾಕ್ಕೆ ಏನೂ ಅಡ್ಡಿಯಿಲ್ಲ, ನಾನೂ ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ. ಮತ್ತೊಂದು ತುದಿಯಲ್ಲಿ ಇಪ್ಪತ್ತೇಳು ಇಂಚಿನ 4ಕೆ. ಅಡ್ಡಕ್ಕೆ 3840, ಉದ್ದಕ್ಕೆ 2160. ಚುಕ್ಕೆ 0.156 ಮಿಲಿಮೀಟರ್, 53 ಸೆಂಟಿಮೀಟರಿಗೇ ಕರಗುತ್ತದೆ. ಅದರ ಮೇಲೆ ನನ್ನ ಪುಟ ತೆರೆದಾಗ ಕಾಗದವನ್ನೇ ಗಾಜಿನ ಹಿಂದೆ ಇಟ್ಟಂತಿತ್ತು. ಒತ್ತಿನ ಸುರುಳಿಯೊಳಗಿನ ಬಿಳಿ ಕೂಡ ಕಾಣುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನೆ ನಿಂತೆ.

ಅದು ನನ್ನ ದುಡ್ಡಿಗೆ ಮೀರಿದ್ದು ಎನ್ನುವುದು ಒಂದು. ಅದಕ್ಕಿಂತ ದೊಡ್ಡದು ನನ್ನ ಲ್ಯಾಪ್‌ಟಾಪಿನ ಕಿಂಡಿ. ಅದರಲ್ಲಿರುವ ಎಚ್‌ಡಿಎಂಐ 1.4. ಅದು 4ಕೆಯನ್ನು ಸೆಕೆಂಡಿಗೆ ಮೂವತ್ತು ಸಲ ಮಾತ್ರ ಕಳಿಸಬಲ್ಲದು. ಅರವತ್ತು ಬೇಕೆಂದರೆ 2.0 ಬೇಕು. ಮೂವತ್ತರಲ್ಲಿ ಪುಟ ಸರಿಸಿದರೆ ಅಕ್ಷರಗಳು ಎಡವುತ್ತ ಬರುತ್ತವೆ, ಬಾಣದ ಗುರುತು ಕೈಯ ಹಿಂದೆ ಓಡುತ್ತದೆ. ಮಾನಿಟರಿನ ಜೊತೆಗೆ ಲ್ಯಾಪ್‌ಟಾಪನ್ನೂ ಬದಲಿಸು ಎಂದು ಹೇಳುವ ಮಾನಿಟರ್ ನನಗೆ ಬೇಡವಾಗಿತ್ತು.

ಕೊನೆಗೆ ನಿಂತದ್ದು ನಡುವಿನ ಒಂದು ಅಳತೆಯಲ್ಲಿ. ಇಪ್ಪತ್ನಾಲ್ಕು ಇಂಚೇ, ಆದರೆ ಚುಕ್ಕೆ 2560 ಗುಣಿಸು 1440. ಕ್ಯೂಎಚ್‌ಡಿ ಎನ್ನುತ್ತಾರೆ. ಈ ರೆಸಲ್ಯೂಷನ್ ಸಾಮಾನ್ಯವಾಗಿ ಇಪ್ಪತ್ತೇಳು ಇಂಚಿನಲ್ಲಿ ಸಿಗುತ್ತದೆ, ಇಪ್ಪತ್ನಾಲ್ಕರಲ್ಲಿ ಮಾಡುವವರು ಕಡಿಮೆ. ಆಟದವರಿಗೆ ಅದು ಚಿಕ್ಕದು, ಕಚೇರಿಯವರಿಗೆ ದುಬಾರಿ. ನನಗೆ ಮಾತ್ರ ಅಳೆದು ಹೊಲಿದ ಹಾಗಿತ್ತು. ಚುಕ್ಕೆ 0.206 ಮಿಲಿಮೀಟರ್, ದೂರ 70 ಸೆಂಟಿಮೀಟರ್. ಹಳೆಯ ಎಚ್‌ಡಿಎಂಐ ಕಿಂಡಿಯಿಂದಲೇ ಅರವತ್ತರಲ್ಲಿ ನಡೆಯುತ್ತದೆ. ಪರದೆಯ ಎತ್ತರ ಹೆಚ್ಚುಕಡಿಮೆ ಎ4 ಹಾಳೆಯಷ್ಟೇ, ಆದ್ದರಿಂದ ಒಂದು ಪುಟ ತನ್ನ ನಿಜವಾದ ಅಳತೆಯಲ್ಲೇ ನಿಲ್ಲುತ್ತದೆ, ಪಕ್ಕದಲ್ಲಿ ನಾನು ಬರೆಯುವ ಪುಟಕ್ಕೂ ಜಾಗ ಉಳಿಯುತ್ತದೆ. ಬೇಕಾದರೆ ಪರದೆಯನ್ನೇ ತಿರುಗಿಸಿ ನಿಲ್ಲಿಸಬಹುದು. ಆಗ ಉದ್ದಕ್ಕೆ 2560 ಚುಕ್ಕೆ. 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದ ಎ4 ಪುಟದಲ್ಲಿ ಉದ್ದಕ್ಕೆ 3508 ಚುಕ್ಕೆಗಳಿರುತ್ತವೆ. ಲ್ಯಾಪ್‌ಟಾಪಿನಲ್ಲಿ ಇಡೀ ಪುಟ ಕಾಣಿಸಿದಾಗ ಐದರಲ್ಲಿ ಒಂದು ಪಾಲು ಉಳಿಯುತ್ತಿತ್ತು. ಇಲ್ಲಿ ಅರ್ಧಕ್ಕಿಂತ ಹೆಚ್ಚು. ಅಂಗಡಿಯಲ್ಲಿ ಅದು ಇರಲಿಲ್ಲ, ತರಿಸಿಕೊಡುತ್ತೇವೆ ಎಂದರು. ಹದಿನೆಂಟು ಸಾವಿರ ಚಿಲ್ಲರೆ. ಹತ್ತು ದಿನ ಕಾದು, ಹುಬ್ಬಳ್ಳಿಯಿಂದ ಗಜೇಂದ್ರಗಡಕ್ಕೆ, ಅಲ್ಲಿಂದ ಊರಿಗೆ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಪೆಟ್ಟಿಗೆ ನೋಡಿದ ಕಂಡಕ್ಟರ್ ಅರ್ಧ ಟಿಕೆಟ್ ಕೇಳುತ್ತಾನೇನೋ ಎಂಬ ಭಯವಿತ್ತು, ಕೇಳಲಿಲ್ಲ.

ಊರಿನ ಬೇರೆ ಸಂಗತಿಗಳೂ ಇದ್ದವು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಮಾನಿಟರಿಗಿಲ್ಲ. ಕರೆಂಟು ಹೋದರೆ ಪುಟ ಕಪ್ಪಾಗುತ್ತದೆ, ಬರೆದದ್ದು ಮಾತ್ರ ಲ್ಯಾಪ್‌ಟಾಪಿನಲ್ಲಿ ಉಳಿದಿರುತ್ತದೆ. ಹಾಗಾಗಿ ಸ್ಕ್ಯಾನ್ ಓದುವುದು ಕರೆಂಟಿದ್ದಾಗ, ಬರೆಯುವುದು ಇಲ್ಲದಾಗ ಎಂದು ದಿನವನ್ನು ಹಂಚಿಕೊಂಡೆ. ಕಿಟಕಿ ಬೆನ್ನ ಹಿಂದೆ ಇದ್ದರೆ ಬೆಳಕು ಪರದೆಗೆ ಬಡಿಯುತ್ತದೆ, ಎದುರಿಗಿದ್ದರೆ ಕಣ್ಣಿಗೆ. ಪಡಸಾಲೆಯಲ್ಲಿ ಕಿಟಕಿ ಪಕ್ಕಕ್ಕೆ ಬರುವಂತೆ ಮೇಜು ಸರಿಸಿದ್ದಕ್ಕೆ ಜೋಳದ ಚೀಲಗಳು ಅಡುಗೆಮನೆಯ ಬಾಗಿಲಿಗೆ ಹೋದವು. ಅವ್ವ ಆ ಬಗ್ಗೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಹಳೆಯ ನುಡಿಯಲ್ಲಿದ್ದ ನನ್ನ ಟಿಪ್ಪಣಿಗಳು ಸ್ಕೇಲಿಂಗ್ ಏರಿಸಿದಾಗ ಮಸುಕಾದವು. ಹಳೆಯ ತಂತ್ರಾಂಶಗಳಿಗೆ ಈ ಹೊಸ ಎಣಿಕೆ ತಿಳಿಯುವುದಿಲ್ಲ, ವಿಂಡೋಸ್ ಅವನ್ನು ಹಿಗ್ಗಿಸಿ ತೋರಿಸುತ್ತದೆ. ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿದೆ. ಎಂದೋ ಆಗಬೇಕಿದ್ದ ಕೆಲಸ.

ತಲೆನೋವು ಎರಡನೆಯ ವಾರಕ್ಕೆ ಇಳಿಯಿತು. ಚಷ್ಮಾದಿಂದಲೋ, ಪರದೆಯಿಂದಲೋ, ದೂರ ಕೂತದ್ದರಿಂದಲೋ ಬಿಡಿಸಿ ಹೇಳಲಾರೆ.

ನಾನು ಎಣಿಸದೇ ಇದ್ದದ್ದು ಕಾಕಾನ ವಿಷಯ. ಅಪ್ಪನ ತಮ್ಮ. ಗದಗನ್ನು ಮುದ್ರಣ ಕಾಶಿ ಎಂದು ಕರೆಯುತ್ತಿದ್ದ ಕಾಲದಲ್ಲಿ ಅಲ್ಲಿನ ಒಂದು ಅಚ್ಚುಕೂಟದಲ್ಲಿ ಇಪ್ಪತ್ತು ವರ್ಷ ಮೊಳೆ ಜೋಡಿಸಿದವರು. ಆಫ್‌ಸೆಟ್ ಬಂದಮೇಲೆ ಕೈಯ ಕೆಲಸ ಹೋಯಿತು, ಊರಿಗೆ ಬಂದು ಹೊಲ ನೋಡಿಕೊಂಡರು. ಈಗ ಎಪ್ಪತ್ತು ದಾಟಿದೆ, ಎರಡೂ ಕಣ್ಣಿಗೆ ಪೊರೆಯ ಆಪರೇಶನ್ ಆಗಿದೆ. ನಾನು ಲ್ಯಾಪ್‌ಟಾಪಿನ ಮೇಲೆ ಬಾಗಿ ಕೂತಿರುತ್ತಿದ್ದ ದಿನಗಳಲ್ಲಿ ಒಮ್ಮೆಯೂ ಏನು ಓದುತ್ತೀ ಎಂದು ಕೇಳಿದವರಲ್ಲ. ಆ ಪರದೆಯಲ್ಲಿ ಅವರಿಗೆ ಏನೂ ಕಾಣುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ. ಹೊಸ ಮಾನಿಟರ್ ಬಂದ ನಾಲ್ಕನೆಯ ದಿನ ಚಹಾದ ಕಪ್ಪು ಹಿಡಿದು ಹಿಂದೆ ನಿಂತಿದ್ದವರು, ‘ಇದು ಹನ್ನೆರಡು ಪಾಯಿಂಟು’ ಅಂದರು.

ಅಕ್ಷರದ ಅಳತೆ. ಪುಟ ನಿಜವಾದ ಅಳತೆಯಲ್ಲಿ ನಿಂತಿದ್ದರಿಂದ ಅವರ ಕಣ್ಣು ಹಿಡಿದಿತ್ತು.

ಕುರ್ಚಿ ಎಳೆದುಕೊಟ್ಟೆ. ಒಂದು ಸಾಲಿನಲ್ಲಿ ಇರಬೇಕಾದ ಫ ಪ ಆಗಿತ್ತು. ಲೇಖಕ ಹಾಗೆ ಬರೆದನೇ ಎನ್ನುವುದು ನನ್ನ ಪ್ರಶ್ನೆ. ‘ಒಂಚೂರು ದೊಡ್ಡದು ಮಾಡು ಯವ್ವಾ’ ಅಂದರು. ಮಾಡಿದೆ. ಮೊಳೆ ಸವೆದರೆ ಮೊದಲು ಹೋಗುವುದು ಸಣ್ಣ ಗೆರೆಗಳೇ, ಆದರೆ ಮುರಿದ ಕಡೆ ಸಣ್ಣ ಮೊಂಡು ಉಳಿದಿರುತ್ತದೆ, ಮಸಿ ಅಲ್ಲಿ ತುಸು ಹರಡಿರುತ್ತದೆ ಎಂದು ಬೆರಳಿಟ್ಟು ತೋರಿಸಿದರು. ಇಲ್ಲಿ ಮೊಂಡು ಇರಲಿಲ್ಲ, ಪ ಅಚ್ಚುಕಟ್ಟಾಗಿತ್ತು. ‘ಹಂಗಾರ ಬರೆದವ್ರೇ ಪ ಬರೆದ್ರೇನು ಕಾಕಾ?’ ಎಂದು ಕೇಳಿದೆ. ‘ಹಂಗೂ ಹೇಳಾಕ ಬರೂದಿಲ್ಲ. ಅಚ್ಚಾದ ಮ್ಯಾಲ ಮೊಳಿ ಬಿಚ್ಚಿ ತಿರುಗಿ ಮನಿಗೆ ಹಾಕತಿದ್ವಿ. ಅವಸರದಾಗ ಫ ಮನ್ಯಾಗ ಪ ಬೀಳತಿತ್ತು. ಮರುದಿನ ಕಂಪೋಜ್ ಮಾಡಾಂವ ನೋಡದ ಹಚ್ಚತಿದ್ದ.’ ಮೊಳೆ ಇಡುವ ಖಾನೆಗೆ ಅವರು ಮನೆ ಎನ್ನುತ್ತಾರೆ. ಅದೇ ಪುಟದಲ್ಲಿ ಬೇರೆ ಫ ಇವೆಯೇ ನೋಡು, ಇದ್ದರೆ ಅವು ಸರಿಯಿವೆಯೇ ನೋಡು ಅಂದರು.

ನನ್ನ ಅಧ್ಯಾಯದಲ್ಲಿ ಅದುವರೆಗೆ ಎರಡೇ ಸಾಧ್ಯತೆಗಳಿದ್ದವು: ಲೇಖಕ ಬಿಟ್ಟದ್ದು, ಅಚ್ಚಿನಲ್ಲಿ ಸವೆದದ್ದು. ಅವರು ಮೂರನೆಯದನ್ನು ಇಟ್ಟರು. ಅಷ್ಟೇ ಅಲ್ಲ, ಮೂರನ್ನೂ ಬೇರ್ಪಡಿಸುವ ದಾರಿಯನ್ನೂ. ಮೊಂಡು ಇದ್ದರೆ ಸವೆತ. ಮೊಂಡಿಲ್ಲದೆ, ಅದೇ ಪುಟದಲ್ಲಿ ಉಳಿದ ಮಹಾಪ್ರಾಣಗಳೆಲ್ಲ ಸರಿಯಿದ್ದು ಒಂದೇ ತಪ್ಪಿದ್ದರೆ ಬಹುಶಃ ತಪ್ಪು ಮನೆಯ ಮೊಳೆ. ಒಬ್ಬನೇ ಲೇಖಕನ ಬರಹದಲ್ಲಿ, ಸಂಚಿಕೆಯಿಂದ ಸಂಚಿಕೆಗೆ, ಅದೇ ಪದದಲ್ಲಿ ಪ ಬರುತ್ತಿದ್ದರೆ ಆಗ ಅವನ ಕೈ. ಮಾರ್ಗದರ್ಶಕರಿಗೆ ಫೋನ್ ಮಾಡಿ ಹೇಳಿದೆ. ಹಳೆಯ ಕೋಷ್ಟಕವನ್ನು ಬಿಟ್ಟು ಹೊಸದು ಮಾಡು, ತಡವಾದರೂ ಆಗಲಿ ಅಂದರು. ತಡ ಎಂದರೆ ನಾಲ್ಕು ತಿಂಗಳು. ನನ್ನ ಬಳಿ ಉಳಿದಿದ್ದವು ಹನ್ನೊಂದು.

ಈಗ ದಿನಾ ಮಧ್ಯಾಹ್ನ ಉಂಡಮೇಲೆ ಕಾಕಾ ಬರುತ್ತಾರೆ. ಕರೆಂಟಿದ್ದರೆ ಕೂರುತ್ತಾರೆ, ಇಲ್ಲದಿದ್ದರೆ ಕಟ್ಟೆಗೆ ಹೋಗುತ್ತಾರೆ. 70 ಸೆಂಟಿಮೀಟರಿನ ನನ್ನ ಗೆರೆ ಅವರಿಗೆ ಒಪ್ಪುವುದಿಲ್ಲ, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತಾರೆ. ೬ ಮತ್ತು ೯ರ ಸಂಚಿಕೆಯನ್ನೂ ತೋರಿಸಿದೆ. ಮೊದಲು ಎಡಕ್ಕೆ ತಲೆ ಹೊರಳಿಸಿ, ಆಮೇಲೆ ಚಷ್ಮಾ ತೆಗೆದು, ಬಹಳ ಹೊತ್ತು ನೋಡಿದರು. ಮೊಳೆ ಕನ್ನಡಿಯೊಳಗಿನ ಅಕ್ಷರದಂತೆ ತಿರುವುಮುರುವಾಗಿರುತ್ತದೆ, ಹಾಗೆ ನೋಡಿದರೆ ನನಗೆ ತಿಳಿಯುತ್ತದೆ ಅಂದರು. ಪುಟವನ್ನು ಮಗುಚಿ ತೋರಿಸಿದೆ. ‘ಒಂಬತ್ತು ಅಲ್ಲಿದು’ ಅಂದರು. ಅಷ್ಟರಿಂದ ಸಾಲದು ಎಂದು ನನಗೂ ಗೊತ್ತು, ಆ ಸಂಚಿಕೆಯೊಳಗಿನ ಸುದ್ದಿಗಳ ತಾರೀಖು ಹಿಡಿದು ತಾಳೆ ನೋಡಬೇಕು. ಟಿಪ್ಪಣಿಯಲ್ಲಿ 1906 ಎಂದು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಅವರು ಆಗಲೇ ಮುಂದಿನ ಪುಟ ತೆಗೆ ಎನ್ನುತ್ತಿದ್ದರು.